ಕೀಲಿಮಣೆಗೆ ಗಮಕ ಒಲಿಯುವುದೇ?

ವೀಣೆಯನ್ನು ಮೀಟಿದಾಗ ತಂತಿ ಕಂಪಿಸುತ್ತದೆ. ಹಲಸಿನ ಮರದ ಕೊಡ ಆ ಕಂಪನವನ್ನು ತುಂಬು ನಾದವಾಗಿಸುತ್ತದೆ. ಕೊಳಲಿನಲ್ಲಿ ಕಂಪಿಸುವುದು ಬಿದಿರಿನೊಳಗಿನ ಗಾಳಿ. ಆದರೆ ಸಿಂಥಸೈಜರ್‌ನಲ್ಲಿ ಹೀಗೆ ಕಂಪಿಸುವ ತಂತಿಯೂ ಇಲ್ಲ, ಗಾಳಿಯೂ ಇಲ್ಲ. ಅದರೊಳಗೆ ಹುಟ್ಟುವ ವಿದ್ಯುತ್ ಅಲೆಯೇ ಧ್ವನಿವರ್ಧಕದ ಮೂಲಕ ಸ್ವರವಾಗಿ ಹೊರಬರುತ್ತದೆ. ಹಾಗಿದ್ದಲ್ಲಿ ಅದನ್ನು 'ನುಡಿಸುವುದು' ಎನ್ನಬಹುದೇ?

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ತಮ್ಮ ಸಿಂಥಸೈಜರನ್ನು ಪರಿಚಯಿಸಿದಂದಿನಿಂದಲೂ ಈ ಪ್ರಶ್ನೆ ಇದೆ. ಅದರ ಕಾರ್ಯವಿಧಾನ ಸ್ಥೂಲವಾಗಿ ಮೂರು ಹಂತದ್ದು. ಆಂದೋಲಕವು ಅಲೆಯನ್ನು ಹುಟ್ಟಿಸುತ್ತದೆ, ಫಿಲ್ಟರ್ ಬೇಡವಾದ ಅಂಶಗಳನ್ನು ಸೋಸುತ್ತದೆ, ಮೂರನೆಯ ಭಾಗವು ಸ್ವರದ ಏರಿಳಿತವನ್ನು ನಿರ್ಧರಿಸುತ್ತದೆ. ವೈಣಿಕನಿಗೆ ನಾದದ ಬಣ್ಣವನ್ನು ಬಹುಮಟ್ಟಿಗೆ ವೀಣೆ ಮಾಡಿದವನೇ ಕೊಟ್ಟಿರುತ್ತಾನೆ. ಸಿಂಥಸೈಜರ್ ವಾದಕನಾದರೋ ನುಡಿಸುವ ಮೊದಲೇ ಅದನ್ನು ತಾನೇ ರೂಪಿಸಿಕೊಳ್ಳಬೇಕು. ಇದೂ ಒಂದು ಬಗೆಯ ಸಾಧನೆಯೇ.

ನಿಜವಾದ ತೊಡಕು ಇರುವುದು ಸ್ವರ ಹುಟ್ಟಿದ ನಂತರ. ಮೀಟಿದ ಮೇಲೂ ವೈಣಿಕನ ಎಡಗೈ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆಯುತ್ತಲೇ ಇರುತ್ತದೆ. ಗಮಕ ಹುಟ್ಟುವುದು ಅಲ್ಲಿಯೇ. ಸಾಮಾನ್ಯ ಕೀಲಿಮಣೆಯಲ್ಲಿ ಒಂದು ಸ್ವರಕ್ಕೂ ಮುಂದಿನ ಸ್ವರಕ್ಕೂ ನಡುವೆ ದಾರಿಯಿಲ್ಲ. ಹಾರ್ಮೋನಿಯಂ ಮೇಲಿದ್ದ ಆಕ್ಷೇಪವೂ ಇದೇ. 1940ರಲ್ಲಿ ಆಕಾಶವಾಣಿ ಅದಕ್ಕೆ ವಿಧಿಸಿದ ನಿಷೇಧವು 1971ರವರೆಗೆ ಸಡಿಲಗೊಳ್ಳಲಿಲ್ಲ.

ಸಿಂಥಸೈಜರ್ ಈ ಕೊರತೆಯನ್ನು ಭಾಗಶಃ ನೀಗಿಕೊಂಡಿದೆ. 1970ರ ಮಿನಿಮೋಗ್‌ನ ಎಡಬದಿಯಲ್ಲಿ ಸ್ವರವನ್ನು ಬಾಗಿಸುವ ಚಕ್ರವಿತ್ತು. ಅದೇ ಬಗೆಯ ಚಕ್ರವನ್ನು ಬಳಸಿ ಕೆ. ಸತ್ಯನಾರಾಯಣನ್ ಅವರು ಕೀಬೋರ್ಡ್‌ನಲ್ಲಿ ಕರ್ನಾಟಕ ಸಂಗೀತ ಕಛೇರಿಗಳನ್ನೇ ನೀಡಿದ್ದಾರೆ. ಅಂದರೆ ವೀಣೆಯಲ್ಲಿ ಎಡಗೈ ಮಾಡುವ ಕೆಲಸವನ್ನು ಇಲ್ಲಿಯೂ ಎಡಗೈಯೇ ಮಾಡುತ್ತದೆ. ಅದಕ್ಕೂ ವರ್ಷಗಳ ಅಭ್ಯಾಸ ಬೇಕು. ಒಂದೇ ಚಕ್ರಕ್ಕೆ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ ಎಂಬುದು ಅದರ ಮಿತಿ. ಪ್ರತಿ ಬೆರಳಿನ ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುವ ವಿಧಾನವು 2018ರಲ್ಲಿ ಮಿಡಿ ಮಾನದಂಡಕ್ಕೆ ಸೇರಿತು.

ಆದರೆ ಪ್ರಶ್ನೆ ಕೇವಲ ನಾದದ್ದಲ್ಲ, ಅನ್ನದ್ದೂ ಹೌದು. ಪಿಟೀಲು ವೃಂದ ನುಡಿಸುತ್ತಿದ್ದುದನ್ನು ಒಬ್ಬನೇ ಕೀಲಿಮಣೆಯಲ್ಲಿ ನುಡಿಸತೊಡಗಿದಾಗ ಚಲನಚಿತ್ರ ಧ್ವನಿಮುದ್ರಣವನ್ನೇ ನೆಚ್ಚಿಕೊಂಡಿದ್ದ ವಾದಕರು ಕೆಲಸ ಕಳೆದುಕೊಂಡರು. ಇದು ಇಲ್ಲಿಯ ಆತಂಕ ಮಾತ್ರವಲ್ಲ. ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು 1982ರಲ್ಲೇ ಸಿಂಥಸೈಜರ್ ವಿರುದ್ಧ ನಿರ್ಣಯ ಕೈಗೊಂಡಿತ್ತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಪಿಟೀಲನ್ನು ಅನುಕರಿಸಿದಾಗ ಸಿಂಥಸೈಜರ್ ಇನ್ನೊಬ್ಬರ ಜಾಗವನ್ನು ತುಂಬುತ್ತದೆ; ಬೇರಾವ ವಾದ್ಯಕ್ಕೂ ಸಾಧ್ಯವಾಗದ ನಾದವನ್ನು ಹೊಮ್ಮಿಸಿದಾಗ ತಾನೇ ಒಂದು ವಾದ್ಯವಾಗುತ್ತದೆ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯಂಥ ಸಾಧನಗಳನ್ನು ಕಛೇರಿ ವೇದಿಕೆ ಎಂದೋ ಒಪ್ಪಿಕೊಂಡಿದೆ. ಅಲ್ಲಿ ಗುಂಡಿ ಒತ್ತಿದರೆ ಶ್ರುತಿ ತಾನಾಗಿ ಹರಿಯುತ್ತದೆ. ರಾಗವನ್ನು ಮಾತ್ರ ಮನುಷ್ಯನೇ ನುಡಿಸಬೇಕು. ವಿದ್ಯುತ್ತಾಗಲಿ, ತಂತಿಯಾಗಲಿ, ಹುಟ್ಟಿದ ಸ್ವರವನ್ನು ಕೊನೆಯವರೆಗೂ ಕೈಹಿಡಿದು ನಡೆಸುವವನಿದ್ದರೆ ಅದು ವಾದನವೇ ಸರಿ.