ನಡೆಯದೇ ಹೋದದ್ದರ ಲೆಕ್ಕ: ಜಿಲ್ಲಾ ಆರೋಗ್ಯ ಇಲಾಖೆಯ ವರ್ಷದ ಪ್ರಗತಿ ಮತ್ತು ಮುಂದಿನ ಗುರಿಗಳು

ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತಿದ್ದಂತೆ ಕರ್ನಾಟಕದ ಪ್ರತಿ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಯ ಕಚೇರಿಯಲ್ಲಿ ವರ್ಷದ ಪ್ರಗತಿಯ ಅಂಕಿಅಂಶಗಳು ಸಿದ್ಧವಾಗುತ್ತವೆ. ಗುರಿ, ಸಾಧನೆ, ಶೇಕಡಾವಾರು ಎಂಬ ಕಲಂಗಳಲ್ಲಿ ಸಾಲುಗಟ್ಟಿದ ಈ ಅಂಕಿಗಳನ್ನು ಕೆಡಿಪಿ ಸಭೆ ಎಂದು ಕರೆಯಲಾಗುವ ತ್ರೈಮಾಸಿಕ ಪ್ರಗತಿ ಪರಿಶೀಲನಾ ಸಭೆಯಲ್ಲಿ ಓದಿ ಹೇಳಲಾಗುತ್ತದೆ. ಅವು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೆರಡು ಸಾಲುಗಳಾಗಿ ಬಂದು ಮರೆಯಾಗುತ್ತವೆ. ಲೋಕೋಪಯೋಗಿ ಇಲಾಖೆ ವರ್ಷದ ಕೊನೆಗೆ ರಸ್ತೆಯನ್ನೋ ಸೇತುವೆಯನ್ನೋ ತೋರಿಸಬಲ್ಲದು. ಆರೋಗ್ಯ ಇಲಾಖೆಯ ಕೆಲಸ ಚೆನ್ನಾಗಿ ನಡೆದರೆ ಬಾಣಂತಿ ಮಗುವಿನೊಂದಿಗೆ ಮನೆಗೆ ಮರಳುತ್ತಾಳೆ, ಮಕ್ಕಳಿಗೆ ದಡಾರ ಬರುವುದಿಲ್ಲ, ಮಳೆಗಾಲದಲ್ಲಿ ಊರಿಗೆ ಊರೇ ಜ್ವರದಿಂದ ಮಲಗುವುದಿಲ್ಲ. ಅಂದರೆ ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯುವುದಿಲ್ಲ. ನಡೆಯದೇ ಹೋದದ್ದನ್ನು ಅಂಕಿಗಳಲ್ಲಿ ಹಿಡಿಯಬೇಕಾದ ಈ ಕಷ್ಟದಿಂದಾಗಿಯೇ ಆರೋಗ್ಯದ ವಾರ್ಷಿಕ ಲೆಕ್ಕವನ್ನು ಓದಲು ಎರಡು ಪ್ರಶ್ನೆಗಳು ಸದಾ ಜೊತೆಗಿರಬೇಕಾಗುತ್ತದೆ: ಈ ಅಂಕಿ ಎಷ್ಟು ಜನರ ನಡುವಿನದು, ಮತ್ತು ಇದನ್ನು ಪಡೆಯಲು ಎಷ್ಟು ಹುಡುಕಲಾಯಿತು.

ಅಂಕಿ ಹುಟ್ಟುವ ಜಾಗ

ಜಿಲ್ಲಾ ಆಸ್ಪತ್ರೆಯನ್ನು ನೋಡಿಕೊಳ್ಳುವವರು ಜಿಲ್ಲಾ ಶಸ್ತ್ರಚಿಕಿತ್ಸಕರು. ಆಸ್ಪತ್ರೆಯ ಹೊರಗಿನ ಜನಾರೋಗ್ಯದ ಹೊಣೆ ಜಿಲ್ಲಾ ಆರೋಗ್ಯಾಧಿಕಾರಿಯದು. ಅವರ ಕೈಕೆಳಗೆ ತಾಯಿ ಮಕ್ಕಳ ಆರೋಗ್ಯ, ಕ್ಷಯ, ಕುಷ್ಠ, ಸೊಳ್ಳೆಯಂಥ ಕೀಟಗಳಿಂದ ಹರಡುವ ರೋಗಗಳು, ರೋಗ ಸರ್ವೇಕ್ಷಣೆ ಮುಂತಾದವಕ್ಕೆ ಪ್ರತ್ಯೇಕ ಕಾರ್ಯಕ್ರಮಾಧಿಕಾರಿಗಳೂ ಪ್ರತಿ ತಾಲ್ಲೂಕಿಗೆ ತಾಲ್ಲೂಕು ಆರೋಗ್ಯಾಧಿಕಾರಿಯೂ ಇರುತ್ತಾರೆ. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ 5,000 ಅಥವಾ 3,000 ಜನರಿಗೆ ಒಂದು ಉಪಕೇಂದ್ರ, ಹಳ್ಳಿಯಲ್ಲಿ ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ರಾಷ್ಟ್ರೀಯ ಮಾನದಂಡ. ರಾಜಧಾನಿಯ ಗಣಕಯಂತ್ರದಲ್ಲಿ ಕಾಣುವ ಯಾವುದೇ ಅಂಕಿಯ ಬೇರು ಬಹುಮಟ್ಟಿಗೆ ಈ ಕೊನೆಯ ಮೆಟ್ಟಿಲಿನಲ್ಲಿದೆ: ಆಶಾ ಕಾರ್ಯಕರ್ತೆಯ ಡೈರಿಯಲ್ಲಿ, ಗರ್ಭಿಣಿಯ ಕೈಯಲ್ಲಿರುವ ತಾಯಿ ಕಾರ್ಡ್‌ನಲ್ಲಿ, ಉಪಕೇಂದ್ರದ ರಿಜಿಸ್ಟರ್‌ನಲ್ಲಿ. ಸಾಂಕ್ರಾಮಿಕ ರೋಗಗಳ ಮಾಹಿತಿಯೂ ಹೀಗೆಯೇ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಕ್ಷೇತ್ರ ಸಿಬ್ಬಂದಿ ಕಂಡ ಲಕ್ಷಣಗಳು 'ಎಸ್' ನಮೂನೆಯಲ್ಲೂ, ವೈದ್ಯರು ಶಂಕಿಸಿದ ರೋಗಗಳು 'ಪಿ' ನಮೂನೆಯಲ್ಲೂ, ಪ್ರಯೋಗಾಲಯದಲ್ಲಿ ಖಚಿತಗೊಂಡವು 'ಎಲ್' ನಮೂನೆಯಲ್ಲೂ ದಾಖಲಾಗುತ್ತವೆ. ಒಂದು ಊರಿನಲ್ಲಿ 'ಎಸ್' ನಮೂನೆಯ ಜ್ವರದ ಸಂಖ್ಯೆ ಏಕಾಏಕಿ ಏರಿದರೆ ಪ್ರಯೋಗಾಲಯದ ಉತ್ತರ ಬರುವ ಮೊದಲೇ ತಂಡವೊಂದು ಆ ಊರಿಗೆ ಹೋಗಬೇಕೆಂಬುದು ಈ ಮೂರು ಹಂತಗಳ ಉದ್ದೇಶ.

ತಾಯಿಯ ಸಾವು ಮತ್ತು ಛೇದದ ಮಾತು

ಕಳೆದ ಎರಡು ದಶಕಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ಅತಿ ದೊಡ್ಡ ಸಾಧನೆ ಹೆರಿಗೆಗೆ ಸಂಬಂಧಿಸಿದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-20ರ ವೇಳೆಗೆ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ನಡೆಯುತ್ತಿದ್ದವು. ತಾಯಿ ಮರಣ ಪ್ರಮಾಣ, ಅಂದರೆ ಒಂದು ಲಕ್ಷ ಜೀವಂತ ಜನನಗಳಿಗೆ ಗರ್ಭಾವಸ್ಥೆ, ಹೆರಿಗೆ ಅಥವಾ ಆನಂತರದ 42 ದಿನಗಳೊಳಗೆ ಸಂಬಂಧಿತ ಕಾರಣಗಳಿಂದ ಸಾಯುವ ತಾಯಂದಿರ ಸಂಖ್ಯೆ, 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿದು, 2030ರೊಳಗೆ 70ಕ್ಕಿಂತ ಕೆಳಗೆ ತರಬೇಕೆಂಬ ಜಾಗತಿಕ ಗುರಿಯನ್ನು ರಾಜ್ಯ ಹತ್ತು ವರ್ಷ ಮೊದಲೇ ಮುಟ್ಟಿತು. ಅದೇ ಅವಧಿಯಲ್ಲಿ ಕೇರಳದ ಪ್ರಮಾಣ 19 ಆಗಿತ್ತು ಎಂಬುದು ಇನ್ನೆಷ್ಟು ದೂರ ಸಾಗಬಹುದೆಂಬುದಕ್ಕೆ ಅಳತೆಗೋಲು.

ಈ ಅಂಕಿಗಳು ಮೂರು ಮೂರು ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕಿದಂಥವು, ಅದಕ್ಕೆ ಕಾರಣವಿದೆ. ವರ್ಷಕ್ಕೆ 20,000 ಜನನಗಳಾಗುವ ಒಂದು ಜಿಲ್ಲೆಯನ್ನು ಊಹಿಸಿಕೊಂಡರೆ, 69ರ ಪ್ರಮಾಣವೆಂದರೆ ಅಲ್ಲಿ ವರ್ಷಕ್ಕೆ ಸುಮಾರು 14 ತಾಯಂದಿರ ಸಾವು. ಮರುವರ್ಷ ಆ ಸಂಖ್ಯೆ 11 ಆದರೆ ಪ್ರಮಾಣ 55ಕ್ಕೆ ಇಳಿದಂತೆಯೂ 17 ಆದರೆ 85ಕ್ಕೆ ಏರಿದಂತೆಯೂ ಕಾಣುತ್ತದೆ; ಇಲಾಖೆ ಹೆಚ್ಚೇನೂ ಮಾಡದೆ ಅಥವಾ ಏನನ್ನೂ ಬಿಡದೆ, ಬರೀ ಆಕಸ್ಮಿಕದಿಂದಲೇ ಇಷ್ಟು ಏರಿಳಿತ ಆಗಬಹುದು. ಛೇದ ಚಿಕ್ಕದಾದಷ್ಟೂ ಪ್ರಮಾಣ ಕುಣಿಯುತ್ತದೆ. ಆದುದರಿಂದ ಒಂದು ತಾಲ್ಲೂಕಿನ ಒಂದು ವರ್ಷದ ಇಳಿಕೆಯನ್ನು ಸಂಭ್ರಮಿಸುವುದಕ್ಕಿಂತ ಪ್ರತಿ ಸಾವನ್ನೂ ಬಿಡಿಬಿಡಿಯಾಗಿ ಪರಿಶೀಲಿಸುವುದು ಹೆಚ್ಚು ಫಲಕಾರಿಯಾಗಿದ್ದು, ತಾಯಿ ಮರಣ ಪರಿಶೀಲನೆ ಎಂಬ ಕಡ್ಡಾಯ ಕ್ರಮ ಇದಕ್ಕಾಗಿಯೇ ಇದೆ. ಈ ಪರಿಶೀಲನೆಯಲ್ಲಿ ಮೂರು ವಿಳಂಬಗಳನ್ನು ಹುಡುಕಲಾಗುತ್ತದೆ: ಅಪಾಯದ ಲಕ್ಷಣ ಕಂಡ ಮೇಲೂ ಆಸ್ಪತ್ರೆಗೆ ಹೋಗೋಣವೆಂದು ಮನೆಯವರು ತೀರ್ಮಾನಿಸಲು ಮಾಡಿದ ತಡ, ವಾಹನ ಸಿಕ್ಕಿ ಸರಿಯಾದ ಆಸ್ಪತ್ರೆ ತಲುಪಲು ಆದ ತಡ, ತಲುಪಿದ ಮೇಲೆ ರಕ್ತವೋ ತಜ್ಞರೋ ಶಸ್ತ್ರಚಿಕಿತ್ಸೆಯೋ ದೊರೆಯಲು ಆದ ತಡ. ಬಹುಪಾಲು ಹೆರಿಗೆಗಳು ಆಸ್ಪತ್ರೆಗೆ ಬಂದಿರುವ ಇಂದಿನ ದಿನಗಳಲ್ಲಿ ಮೊದಲ ವಿಳಂಬದ ಪಾಲು ಕುಗ್ಗಿ, ಪ್ರಶ್ನೆ ಆಸ್ಪತ್ರೆಯ ಗೋಡೆಗಳ ಒಳಗೇ ಬಂದು ನಿಂತಿದೆ.

ಹುಡುಕಿದಷ್ಟೇ ಸಿಗುವ ರೋಗ

ಎಷ್ಟು ಹುಡುಕಲಾಯಿತು ಎಂಬ ಎರಡನೆಯ ಪ್ರಶ್ನೆಗೆ ಮಲೇರಿಯಾ ಒಳ್ಳೆಯ ಉದಾಹರಣೆ. ಒಂದು ವರ್ಷದಲ್ಲಿ 1,000 ಜನರಲ್ಲಿ ಎಷ್ಟು ಮಂದಿಯ ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಪತ್ತೆಯಾಯಿತು ಎಂಬುದನ್ನು ವಾರ್ಷಿಕ ಪರೋಪಜೀವಿ ಸೂಚ್ಯಂಕ ಎನ್ನುತ್ತಾರೆ. ಈ ಸೂಚ್ಯಂಕವನ್ನು ಇಳಿಸಲು ಎರಡು ದಾರಿಗಳಿವೆ: ಒಂದು, ನಿಜವಾಗಿಯೂ ರೋಗವನ್ನು ತಗ್ಗಿಸುವುದು, ಇನ್ನೊಂದು, ರಕ್ತ ಪರೀಕ್ಷೆ ಮಾಡುವುದನ್ನೇ ಕಡಿಮೆ ಮಾಡುವುದು. ಎರಡನೆಯದನ್ನು ಬಯಲಿಗೆಳೆಯಲೆಂದೇ ನೂರು ಜನರಲ್ಲಿ ಎಷ್ಟು ಮಂದಿಯ ರಕ್ತ ಪರೀಕ್ಷೆಯಾಯಿತು ಎಂಬ ಇನ್ನೊಂದು ಸೂಚ್ಯಂಕವನ್ನು ಪಕ್ಕದಲ್ಲೇ ನಮೂದಿಸಲಾಗುತ್ತದೆ. ಕಟ್ಟಡ ಕಾಮಗಾರಿಗಳ ನೀರು ಮತ್ತು ವಲಸೆ ಕಾರ್ಮಿಕರ ಓಡಾಟದ ನಡುವೆ ಮಲೇರಿಯಾ ಬೇರೂರಿದ್ದ ಮಂಗಳೂರಿನಲ್ಲಿ 2015ರಲ್ಲಿ ಪ್ರತಿ ಪ್ರಕರಣವನ್ನೂ ಟ್ಯಾಬ್‌ನಲ್ಲಿ ದಾಖಲಿಸಿ ಆ ಮನೆಯ ಸುತ್ತಮುತ್ತ ಹುಡುಕುವ ವ್ಯವಸ್ಥೆಯನ್ನು ತಂದದ್ದರ ಹಿಂದೆಯೂ ಈ ತಿಳಿವಳಿಕೆಯೇ ಇತ್ತು.

ಕ್ಷಯರೋಗದಲ್ಲಿ ಇದೇ ತತ್ತ್ವ ನಿಯಮವಾಗಿಯೇ ಬಂದಿದೆ. ಗ್ರಾಮ ಪಂಚಾಯಿತಿಯೊಂದು ಕ್ಷಯಮುಕ್ತ ಎನಿಸಿಕೊಳ್ಳಲು 1,000 ಜನಸಂಖ್ಯೆಗೆ ಒಂದಕ್ಕಿಂತ ಹೆಚ್ಚು ರೋಗಿಗಳು ಇರಬಾರದು ಎನ್ನುವುದರ ಜೊತೆಗೆ, 1,000ಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆ ಆಗಿರಬೇಕು ಎಂಬ ಷರತ್ತೂ ಇದೆ. ಹುಡುಕದೆ ಮುಕ್ತಿ ಘೋಷಿಸುವಂತಿಲ್ಲ ಎಂಬುದು ಇದರ ಅರ್ಥ. ಪ್ರಕರಣಗಳ ಸಂಖ್ಯೆ ಏರಿದ ವರ್ಷವೇ ಇಲಾಖೆ ಚೆನ್ನಾಗಿ ಕೆಲಸ ಮಾಡಿದ ವರ್ಷವಾಗಿರುವ ಸಾಧ್ಯತೆಯನ್ನೂ ಓದುಗರು ಮರೆಯುವಂತಿಲ್ಲ.

ತೊಟ್ಟಿಯ ನೀರು, ಕಾಡಿನ ಮಂಗ

ಡೆಂಗಿಯ ವಿಷಯದಲ್ಲಿ ರೋಗಿಯನ್ನು ಹುಡುಕುವುದಕ್ಕೂ ಮೊದಲು ಸೊಳ್ಳೆಯ ಮರಿಯನ್ನು ಹುಡುಕಬೇಕಾಗುತ್ತದೆ. ಲಾರ್ವಾ ಸಮೀಕ್ಷೆಗೆ ಬರುವ ಕಾರ್ಯಕರ್ತೆ ನೋಡುವುದು ಚರಂಡಿಯನ್ನಲ್ಲ, ಮನೆಯವರೇ ತುಂಬಿಟ್ಟ ಶುದ್ಧ ನೀರನ್ನು: ಹಿತ್ತಲಿನ ಸಿಮೆಂಟ್ ತೊಟ್ಟಿ, ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನ ಡ್ರಮ್ಮುಗಳು, ಫ್ರಿಜ್ಜಿನ ಹಿಂದಿನ ತಟ್ಟೆ, ಹಳೆಯ ಟೈರು, ಎಳನೀರಿನ ಬುರುಡೆ, ಮಲೆನಾಡಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ನೂರು ಮನೆಗಳಲ್ಲಿ ಹನ್ನೆರಡು ಮನೆಗಳಲ್ಲಿ ಲಾರ್ವಾ ಕಂಡರೆ ಆ ಊರಿನ ಮನೆ ಸೂಚ್ಯಂಕ 12. ಈಡಿಸ್ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕಾಗುವುದರಿಂದ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನು ಬರಿದು ಮಾಡುವ ರೂಢಿಯನ್ನು ಇಲಾಖೆ ಒತ್ತಿ ಹೇಳುತ್ತದೆ. ಮೊಟ್ಟೆಗಳು ನೀರಿನ ಅಂಚಿನಲ್ಲಿ ತೊಟ್ಟಿಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆಯಾದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಗೋಡೆಯನ್ನು ತಿಕ್ಕಿ ತೊಳೆಯಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ಅಧಿಕಾರವನ್ನು ಕೊಟ್ಟಿತು. ಆದರೆ ನೀರು ಪೂರೈಕೆ ನಿಯಮಿತವಾಗದೆ ಜನ ಡ್ರಮ್ ತುಂಬಿಡುವುದನ್ನು ಬಿಡಲಾರರು. ಆರೋಗ್ಯ ಇಲಾಖೆಯ ಯಶಸ್ಸು ಇಲ್ಲಿ ನೀರು ಸರಬರಾಜಿನ ಕೈಯಲ್ಲಿದೆ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಲೆಕ್ಕದಲ್ಲಿ ಇನ್ನೊಂದು ವಿಶೇಷ ಕಲಂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗೆ, ದರಗು ಒಟ್ಟಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಉಣ್ಣೆಯ ಕಡಿತದಿಂದ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಸುತ್ತಲಿನ ನೆಲಕ್ಕೆ ಉದುರುವುದರಿಂದ ಸತ್ತ ಮಂಗವೇ ಮೊದಲ ಎಚ್ಚರಿಕೆ. ಆ ಸುದ್ದಿ ಎಷ್ಟು ಬೇಗ ಆರೋಗ್ಯ ಕೇಂದ್ರಕ್ಕೆ ಮುಟ್ಟಿ, ಸುತ್ತಲಿನ ಜಾಗಕ್ಕೆ ಕೀಟನಾಶಕ ಬೀಳುತ್ತದೆ ಎಂಬುದೇ ಆ ವರ್ಷದ ಸಾಧನೆಯ ನಿಜವಾದ ಅಳತೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಸಾಮರ್ಥ್ಯ ಸಾಲದೆಂದು ತಿಳಿದು 2022ರಲ್ಲಿ ಅದನ್ನು ನಿಲ್ಲಿಸಿದ ಮೇಲೆ, ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಮತ್ತು ಜ್ವರ ಬಂದ ತಕ್ಷಣದ ರಕ್ತ ಪರೀಕ್ಷೆ ಇವೇ ಮುಖ್ಯ ಆಸರೆಯಾಗಿದ್ದು, ಪರಿಣಾಮಕಾರಿಯಾದ ಹೊಸ ಲಸಿಕೆಯೇ ಈ ಜಿಲ್ಲೆಗಳ ಮುಂದಿನ ದೊಡ್ಡ ನಿರೀಕ್ಷೆಯಾಗಿದೆ.

ಹಿಂದೆ ಬಿದ್ದ ಸಾಲುಗಳು

ಪ್ರಗತಿಯ ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಮುಂದೆ ಹೋಗಿಲ್ಲ. 2015-16 ಮತ್ತು 2019-20ರ ಎರಡು ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ 62.6ರಿಂದ ಶೇ 84.1ಕ್ಕೆ ಏರಿತು. ಅದೇ ಅವಧಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೂ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.8ರಿಂದ ಶೇ 47.8ಕ್ಕೂ ಹೆಚ್ಚಿತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಪ್ರಮಾಣ ಶೇ 36.2ರಿಂದ ಶೇ 35.4ಕ್ಕೆ ಇಳಿಯಿತಷ್ಟೆ. ಸಿಸೇರಿಯನ್ ಹೆರಿಗೆ ಶೇ 23.6ರಿಂದ ಶೇ 31.5ಕ್ಕೆ ಏರಿತು, ಒಂದು ಸಮಾಜದಲ್ಲಿ ಈ ಪ್ರಮಾಣ ಶೇ 10ನ್ನು ದಾಟಿದ ಮೇಲೆ ಸಾವುಗಳು ಮತ್ತಷ್ಟು ಇಳಿಯುವುದಕ್ಕೆ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಲಸಿಕೆಯನ್ನು ಒಬ್ಬ ಕಾರ್ಯಕರ್ತೆ ಒಂದು ದಿನ ಬಂದು ಹಾಕಿ ಹೋಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಮಾತ್ರ ಹಂಚಿದರೆ ಮುಗಿಯಲಿಲ್ಲ, ಹೊಟ್ಟೆ ತೊಳಸಿದರೂ ತಿಂಗಳುಗಟ್ಟಲೆ ನುಂಗಬೇಕು, ತಟ್ಟೆಯಲ್ಲಿ ಸೊಪ್ಪು, ಕಾಳು, ಮೊಟ್ಟೆಗಳಿರಬೇಕು. ಹಂಚಿದ ಮಾತ್ರೆಗಳ ಸಂಖ್ಯೆ ವರದಿಗೆ ಸುಲಭವಾಗಿ ಸಿಗುತ್ತದೆ, ನುಂಗಿದ ಮಾತ್ರೆಗಳದ್ದು ಸಿಗುವುದಿಲ್ಲ.

ಮುಂದಿನ ಗುರಿಗಳು

ಮುಂದಿನ ವರ್ಷಗಳ ಕ್ರಿಯಾಯೋಜನೆಗಳ ಮುಂದಿರುವ ಗುರಿಗಳನ್ನು ಎರಡು ಗುಂಪಾಗಿ ನೋಡಬಹುದು. ಮೊದಲನೆಯದು ಹಳೆಯ ರೋಗಗಳ ನಿರ್ಮೂಲನೆ: ಸ್ಥಳೀಯವಾಗಿ ಹರಡುವ ಮಲೇರಿಯಾವನ್ನು ಸೊನ್ನೆಗೆ ತರುವುದಕ್ಕೂ, ಕುಷ್ಠರೋಗದ ಹರಡುವಿಕೆಯನ್ನು ನಿಲ್ಲಿಸುವುದಕ್ಕೂ, ಆನೆಕಾಲು ರೋಗದ ನಿವಾರಣೆಗೂ ದೇಶ 2027ರ ಗಡುವನ್ನು ಇಟ್ಟುಕೊಂಡಿದೆ. ಗಡುವುಗಳನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕೆಂಬುದಕ್ಕೆ ಕ್ಷಯರೋಗವೇ ಸಾಕ್ಷಿ. 2015ರ ಮಟ್ಟದಿಂದ ಹೊಸ ಪ್ರಕರಣಗಳ ಪ್ರಮಾಣವನ್ನು ಶೇ 80ರಷ್ಟು ಇಳಿಸುವ 2030ರ ಜಾಗತಿಕ ಗುರಿಯನ್ನು ಭಾರತ 2025ಕ್ಕೇ ಮುಗಿಸಲು ಹೊರಟಿತ್ತು. 2023ರ ವೇಳೆಗೆ ಆದ ಇಳಿಕೆ ಲಕ್ಷಕ್ಕೆ 237ರಿಂದ 195ಕ್ಕೆ, ಅಂದರೆ ಶೇ 17.7. ಇಳಿಕೆ ನಿಜ, ಅದರ ವೇಗ ಗುರಿಗೆ ತಕ್ಕುದಾಗಿರಲಿಲ್ಲ. ರೋಗಿಗಳ ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದ್ದು, ಕ್ಷಯ ಹಸಿವಿನೊಂದಿಗೆ ಹೆಣೆದುಕೊಂಡ ರೋಗವೆಂಬುದನ್ನು ಒಪ್ಪಿಕೊಂಡಂತೆ.

ಎರಡನೆಯ ಗುಂಪು ರಕ್ತದೊತ್ತಡ, ಮಧುಮೇಹ, ಕ್ಯಾನ್ಸರ್‌ಗಳಂಥ ಅಸಾಂಕ್ರಾಮಿಕ ರೋಗಗಳದು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು 30 ವರ್ಷ ದಾಟಿದವರ ತಪಾಸಣೆ ಮಾಡುತ್ತಾರೆ. ಇಲ್ಲಿ ಇಲಾಖೆಯ ಕೆಲಸದ ಸ್ವರೂಪವೇ ಬದಲಾಗುತ್ತದೆ. ಲಸಿಕೆಗಾಗಿ ಒಂದು ಮಗುವನ್ನು ಹುಟ್ಟಿದಾಗ, ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ, ಒಂಬತ್ತನೆಯ ತಿಂಗಳಲ್ಲಿ, ಒಂದೂವರೆ ವರ್ಷದ ಸುಮಾರಿಗೆ, ಐದು ವರ್ಷ ತುಂಬಿದಾಗ, ಹೀಗೆ ಮುಖ್ಯವಾಗಿ ಏಳು ಬಾರಿ ಭೇಟಿಯಾದರೆ ಬಾಲ್ಯದ ದೊಡ್ಡ ಪಾಲಿನ ಕೆಲಸ ಮುಗಿಯುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ರಕ್ತದೊತ್ತಡ ಕಂಡವರಿಗೆ ತಿಂಗಳಿಗೊಮ್ಮೆ ಮಾತ್ರೆ ಕೊಡಬೇಕಾದರೆ ಎಪ್ಪತ್ತನೆಯ ವಯಸ್ಸಿನ ಹೊತ್ತಿಗೆ 360 ಭೇಟಿಗಳಾಗುತ್ತವೆ. ನಡುವೆ ಮಾತ್ರೆ ತೀರಿ, ಸಿಬ್ಬಂದಿ ವರ್ಗವಾಗಿ, ರೋಗಿ ಕೂಲಿಗೆಂದು ಬೇರೆ ಊರಿಗೆ ಹೋದರೆ ಎಳೆ ತುಂಡಾಗುತ್ತದೆ.

ಈ ಕೆಲಸಗಳಿಗೆ ಹಣ ಬರುವುದು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುವ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಮತ್ತು ರಾಜ್ಯದ ಆಯವ್ಯಯದಿಂದ. ಹಳ್ಳಿಯ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿಯೂ ಇದ್ದು, ಪ್ರಶ್ನೆ ಕೇಳಲು ನಾಗರಿಕರಿಗಿರುವ ಜಾಗಗಳು ಇವೇ. ಇಷ್ಟು ಸಾವಿರ ಜನರ ತಪಾಸಣೆ ಮಾಡಲಾಯಿತು ಎಂಬ ಸಾಲನ್ನು ಮುಂದಿನ ವರ್ಷ ಗ್ರಾಮಸಭೆಯಲ್ಲಿ ಓದಿದಾಗ ಅವರಲ್ಲಿ ರಕ್ತದೊತ್ತಡ ಇರುವವರು ಎಷ್ಟು, ಕಳೆದ ತಿಂಗಳು ಮಾತ್ರೆ ಒಯ್ಯಲು ಮತ್ತೆ ಬಂದವರು ಎಷ್ಟು, ಬಾರದವರ ಮನೆಗೆ ಹೋದವರು ಯಾರು ಎಂದು ಕೇಳಬಹುದು. ಉತ್ತರ ಜಿಲ್ಲಾ ಕಚೇರಿಯ ವರದಿಯಲ್ಲಿ ಸಿಗದಿದ್ದರೂ, ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು.