ಓಣಿಗೆ ಹೋಗೋ ಕಲಾವಿದರು ಏನು ಕಲಿತಿರಬೇಕು?

ಚೆನ್ನಾಗಿ ಹಾಡ್ತೀರಿ. ನಾಟಕ ಆಡಿಸ್ತೀರಿ.
ಜನರ ನಡುವೆ ಕೂತು ಕೆಲಸ ಮಾಡೋಕೆ
ಅಷ್ಟೇ ಸಾಕಾ?

ರಾಯಚೂರಿನ ಮಾನ್ವಿ ಸೀಮೆಯ ಬ್ಯಾಗವಾಟ.
1728ರಲ್ಲಿ ಅಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು
ಸಂಸ್ಕೃತದ ದೊಡ್ಡ ಪಂಡಿತರು.
ಕನ್ನಡದಲ್ಲಿ ಹಾಡೋ ದಾಸರು ಅಂದ್ರೆ
ಮೊದಲು ತಾತ್ಸಾರ ಇತ್ತಂತೆ.

ಆಮೇಲೆ ಹೋಗಿದ್ದು ಯಾರ ಹತ್ರ?
ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರ ಹತ್ರ.
ಅವರಿಗೂ ಒಬ್ಬ ಗುರು:
ಮಾನ್ವಿಯ ಚೀಕಲಪರವಿಯ ವಿಜಯದಾಸರು.
ಪಂಡಿತರು ಜಗನ್ನಾಥದಾಸರಾದ್ರು.
‘ಹರಿಕಥಾಮೃತಸಾರ’ವನ್ನ ಕನ್ನಡದಲ್ಲೇ ಬರೆದ್ರು!
ಅಷ್ಟು ಓದಿದವರೂ ಮತ್ತೆ ಶಿಷ್ಯರಾದ್ರು, ನೋಡಿ.
ನೀವೂ ಮೊದಲು ಊರಿಗೆ ಶಿಷ್ಯರಾಗಿ.

ಎರೆಹೊಲಕ್ಕೆ ಹದ ಬರೋ ಮುಂಚೆ
ಕೂರಿಗೆ ಹೂಡಿದ್ರೆ ಏನಾಗುತ್ತೆ?
ಮಣ್ಣು ಮೆತ್ತಿಕೊಳ್ಳುತ್ತೆ, ಬೀಜ ಕೆಡುತ್ತೆ.
ಊರಿನ ಹದ ನೋಡೋದೇ ಮೊದಲ ತರಬೇತಿ.

ಹತ್ತಿ ಬಿಡಿಸೋ ಕಾಲದಲ್ಲಿ
ಮಧ್ಯಾಹ್ನ ಶಿಬಿರ ಇಟ್ರೆ
ಹೆಣ್ಣುಮಕ್ಕಳು ಬರೋದು ಹೇಗೆ?
ಮಗುವಿನ ಫೋಟೋ ತೆಗೆಯೋ ಮುಂಚೆ
ಮನೆಯವರನ್ನ ಕೇಳಿ.
ಯಾರೋ ನೋವು ಹೇಳಿಕೊಂಡ್ರೆ
ಅದು ನಿಮ್ಮ ನಾಟಕದ ಸರಕಲ್ಲ.
ಒಪ್ಪಿಗೆ ಪಡೀರಿ.
ಬೇಡ ಅಂದ್ರೆ, ಬಿಟ್ಟುಬಿಡಿ.

ರಾಯಚೂರಿನ ಸುತ್ತ
ಮೊಹರಂ ಪದ, ತತ್ವಪದ ಹಾಡೋ ಹಿರಿಯರಿದ್ದಾರೆ.
ಪಕ್ಕದಲ್ಲಿ ಕೂತು ಕಲೀರಿ.
ಶಿಬಿರಕ್ಕೆ ಕರೆದ್ರೆ
ನಿಮ್ಮಷ್ಟೇ ಗೌರವಧನ ಅವರಿಗೂ ಕೊಡಿಸಿ.