ಮೊಟ್ಟೆ ಶಾವಿಗೆ ಮತ್ತು ಜರ್ಮನ್ ಮಾದರಿಯ ಕೈಮಾ ಉಂಡೆ

ದಾವಣಗೆರೆ, ಹರಿಹರದ ಕಡೆ ಬೇಸಿಗೆ ಬಂತೆಂದರೆ ಶಾವಿಗೆ, ಹಪ್ಪಳ, ಸಂಡಿಗೆಗಳ ಕಾಲ. ಮಂಚಕ್ಕೆ ಬಿಗಿದ ಕೈಯಂತ್ರದಲ್ಲಿ ಹಿಟ್ಟು ತಿರುವಿ, ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು, ಮಾಳಿಗೆಯ ಮೇಲೆ ಒಣಗಿಸಿ ವರ್ಷಕ್ಕಾಗುವಷ್ಟು ಡಬ್ಬಿ ತುಂಬಿಡುವ ರೂಢಿ ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ಮಾಂಸಾಹಾರಿಗಳ ಮನೆಗಳಲ್ಲಿ ಕೈಮಾ ಉಂಡೆಯ ಸಾರೂ ಹೊಸದೇನಲ್ಲ. ಈ ಎರಡಕ್ಕೂ ಹತ್ತಿರದ ಅಡುಗೆಗಳು ಜರ್ಮನಿಯಲ್ಲಿವೆ: ಮೊಟ್ಟೆ ಹಾಕಿ ಕಲಸಿದ ಶಾವಿಗೆ ಮತ್ತು ಬಿಳಿ ಸಾರಿನಲ್ಲಿ ಬೇಯಿಸಿದ ಮಾಂಸದ ಉಂಡೆ. ಇವಕ್ಕೆ ಬೇಕಾದ ಹಿಟ್ಟು, ಮೊಟ್ಟೆ, ಕೈಮಾ, ಹಾಲು ದಾವಣಗೆರೆ ಪೇಟೆಯಲ್ಲಿಯೇ ಸಿಗುತ್ತವೆ. ಬೆಣ್ಣೆಯ ಮಾತಂತೂ ಹೇಳಬೇಕಾಗಿಲ್ಲ. ಉಪಕರಣಗಳೂ ಮನೆಯಲ್ಲಿಯೇ ಇವೆ. ಆದರೆ ಶಾವಿಗೆ ಮಾಡಿ ಕೈಪಳಗಿದ ಗೃಹಿಣಿಯು ಅದೇ ರೂಢಿಯಂತೆ ಮೊಟ್ಟೆ ಶಾವಿಗೆಯನ್ನೂ ಮಾಳಿಗೆಯ ಮೇಲೆ ಒಣಹಾಕಿದರೆ ಮನೆಮಂದಿಯ ಆರೋಗ್ಯಕ್ಕೆ ಅಪಾಯವುಂಟು. ಆದುದರಿಂದ ಮಾಡುವ ಕ್ರಮದೊಡನೆ ಅದರ ಕಾರಣಗಳನ್ನೂ ತಿಳಿದುಕೊಳ್ಳುವುದು ಅವಶ್ಯಕ.

ಅಡುಗೆಯ ಮೂಲ

ಮೊಟ್ಟೆ ಶಾವಿಗೆ ದಕ್ಷಿಣ ಜರ್ಮನಿಯ ಸ್ವೇಬಿಯಾ ಪ್ರಾಂತದ ದಿನನಿತ್ಯದ ಆಹಾರ. ಅಲ್ಲಿ ಇದಕ್ಕೆ ಷ್ಪೆಟ್ಸ್ಲೆ ಎಂದು ಹೆಸರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಇದೇ ಸೀಮೆಯ ವುರ್ಟೆಂಬರ್ಗಿನವರು. ಮಾಂಸದ ಉಂಡೆಗಳಲ್ಲಿ ಹೆಸರಾದುದು ಉತ್ತರದ ಕ್ಯೋನಿಗ್ಸ್‌ಬರ್ಗ್ ನಗರದ್ದು. ಎರಡನೆಯ ಮಹಾಯುದ್ಧದ ನಂತರ ಆ ನಗರ ರಷ್ಯನ್ನರ ವಶವಾಗಿ, 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಹೆಸರು ಬದಲಾಯಿತು. ನಗರದ ಹೆಸರು ಹೋದರೂ ಉಂಡೆಯ ಹೆಸರು ಉಳಿದಿದೆ. ಜರ್ಮನರು ಈ ಉಂಡೆಗಳನ್ನು ಹೆಚ್ಚಾಗಿ ಬೇಯಿಸಿದ ಆಲೂಗೆಡ್ಡೆಯೊಂದಿಗೆ ಉಣ್ಣುತ್ತಾರೆ. ಶಾವಿಗೆಯೊಂದಿಗೆ ಬಡಿಸುವುದೂ ಉಂಟು. ಶಾವಿಗೆ ಉಂಡು ರೂಢಿಯಿರುವ ನಮ್ಮವರಿಗೆ ಎರಡನೆಯದೇ ಒಗ್ಗುತ್ತದೆ.

ಎಳೆಯನ್ನು ಹಿಡಿದಿಡುವುದು ಯಾವುದು?

ಯಾವ ಶಾವಿಗೆಯೇ ಆಗಲಿ ಕುದಿಯುವ ನೀರಿಗೆ ಬಿದ್ದೊಡನೆ ಅದರಲ್ಲಿರುವ ಪಿಷ್ಟವು ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಪಿಷ್ಟವನ್ನು ಕಟ್ಟಿಹಾಕುವ ವಸ್ತು ಇಲ್ಲದಿದ್ದರೆ ಎಳೆ ಒಡೆದು ಗಂಜಿಯಾಗುತ್ತದೆ. ಈ ಕಟ್ಟನ್ನು ಮೂರು ವಿಧದಲ್ಲಿ ಪಡೆಯಬಹುದು.

ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವ ಹರಿಹರದ ಕಡೆಯವರು ಬಲ್ಲ ಒತ್ತು ಶಾವಿಗೆಯನ್ನೇ ಮೊದಲು ನೋಡೋಣ. ಅಕ್ಕಿಯಲ್ಲಿ ಅಂಟು ಸಸಾರಜನಕ ಇಲ್ಲ. ಆದಕಾರಣ ಹಿಟ್ಟನ್ನು ಮೊದಲೇ ಬೇಯಿಸಿ, ಪಿಷ್ಟವನ್ನೇ ಅಂಟಾಗಿ ಮಾಡಿಕೊಂಡು, ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತಬೇಕಾಗುತ್ತದೆ. ಆರಿದ ಹಿಟ್ಟನ್ನು ಒತ್ತಲು ಹೋದರೆ ತೋಳು ನೋಯುತ್ತದೆಯೇ ಹೊರತು ಎಳೆ ಕೂಡುವುದಿಲ್ಲ.

ಎರಡನೆಯದು ಗಟ್ಟಿ ಗೋಧಿ. ರೊಟ್ಟಿ ಗೋಧಿ, ಡ್ಯೂರಮ್ ಗೋಧಿ, ಜವೆ ಗೋಧಿ ಈ ಮೂರನ್ನೂ ಬೆಳೆಯುವ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಧಾರವಾಡ, ಗದಗ, ಬೆಳಗಾವಿ, ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಬೆಳೆಯಾಗಿ ಇವು ಬರುತ್ತವೆ. ಡ್ಯೂರಮ್ ಕಾಳು ಜೇನಿನ ಬಣ್ಣದ್ದು, ಗಾಜಿನಂತೆ ಗಟ್ಟಿ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಮಾರುವುದು ಈ ಜಾತಿಯ ಗೋಧಿಯ ರವೆಯೇ. ಇದರ ಸಸಾರಜನಕ ಹೆಚ್ಚಾಗಿ ಶೇಕಡ 12ರಿಂದ 14ರಷ್ಟಿದ್ದು, ಅದರ ಅಂಟು ಬಿಗಿಯಾಗಿರುತ್ತದೆ. ಆದುದರಿಂದಲೇ ಬರೀ ನೀರಿನಲ್ಲಿ ಕಲಸಿದ ಶಾವಿಗೆಯೂ ಕುದಿಯಲ್ಲಿ ಒಡೆಯದೆ ನಿಲ್ಲುತ್ತದೆ. ಜವೆ ಗೋಧಿಯೂ ಶಾವಿಗೆ, ಮಾದೇಲಿ, ಹುಗ್ಗಿಗೆ ಹೇಳಿಸಿದ್ದು. ಆದರೆ ಅದರ ಹೊಟ್ಟು ಕಾಳಿಗೆ ಬಿಗಿದು ಕೂತಿರುವುದರಿಂದ ಭತ್ತದಂತೆ ಕುಟ್ಟಿ ತೆಗೆಯಬೇಕು. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಡಿಡಿಕೆ-1025, ಡಿಡಿಕೆ-1029 ಇದೇ ಜವೆ ಗೋಧಿಯ ಗಿಡ್ಡ ತಳಿಗಳು.

ಮೂರನೆಯದು ಮೊಟ್ಟೆ. ಮೈದಾಹಿಟ್ಟು ಬರುವುದು ರೊಟ್ಟಿ ಗೋಧಿಯಿಂದ. ಅದರ ಅಂಟು ಎಳೆದರೆ ಹಿಗ್ಗುವಂಥದು. ಬ್ರೆಡ್ಡಿಗೆ ಉತ್ತಮವಾದರೂ ತೆಳು ಎಳೆಯಾಗಿ ಬೇಯಿಸುವಾಗ ಬೇಗ ಮೆತ್ತಗಾಗುತ್ತದೆ. ಸ್ವೇಬಿಯಾದಂಥ ತಂಪು ನಾಡಿನಲ್ಲಿ ಡ್ಯೂರಮ್ ಬೆಳೆಯುವುದು ಸುಲಭವಲ್ಲ. ಅಲ್ಲಿನ ಹಿಟ್ಟು ಮೃದು. ಈ ಕೊರತೆಯನ್ನು ಮೊಟ್ಟೆ ತುಂಬುತ್ತದೆ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಹಳದಿ 65ರಿಂದ 70 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ. ಪಿಷ್ಟ ಉಬ್ಬುವ ಉಷ್ಣತೆಯೂ ಹೆಚ್ಚುಕಡಿಮೆ ಇದೇ. ಆದುದರಿಂದ ಪಿಷ್ಟ ಒಡೆದು ಹೊರಬರುವಷ್ಟರಲ್ಲಿ ಮೊಟ್ಟೆಯ ಸಸಾರಜನಕವು ಬಲೆಯಂತೆ ಸುತ್ತಿ ಹಿಡಿಯುತ್ತದೆ. ಹಳದಿಯಲ್ಲಿರುವ ಕೊಬ್ಬು ಎಳೆಗೆ ನುಣುಪು ಕೊಡುತ್ತದೆ.

ಇಲ್ಲಿ ರೈತರು ಗಮನಿಸಬೇಕಾದ ಮಾತೊಂದಿದೆ. ದಾವಣಗೆರೆ ಸುತ್ತಿನ ಮುಸುಕಿನ ಜೋಳದ ಬಹುಪಾಲು ಕೋಳಿ ಆಹಾರಕ್ಕೆಂದೇ ಲಾರಿ ಹತ್ತುತ್ತದೆ. ಮೊಟ್ಟೆಕೋಳಿ ದಿನಕ್ಕೆ 110ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಅರ್ಧ ಅಥವಾ ತುಸು ಹೆಚ್ಚು ಭಾಗ ಮುಸುಕಿನ ಜೋಳ. ಎಂದರೆ ಒಂದು ಮೊಟ್ಟೆಯ ಹಿಂದೆ ಸುಮಾರು 60ರಿಂದ 75 ಗ್ರಾಂ ಜೋಳವಿದೆ. ಜೋಳ ಬೆಳೆದವನ ಮನೆಯ ಮಕ್ಕಳಿಗೆ ಮೊಟ್ಟೆ ಅಪರೂಪವಾಗಿದ್ದರೆ ಅದು ಸರಿಯಾದ ಲೆಕ್ಕವಲ್ಲ.

ಶಾವಿಗೆ ಮಾಡುವ ಕ್ರಮ

ಆರು ಜನರಿಗೆ 300 ಗ್ರಾಂ ಮೈದಾ, 100 ಗ್ರಾಂ ಸಣ್ಣ ಬನ್ಸಿ ರವೆ, ನಾಲ್ಕು ಮೊಟ್ಟೆ ಮತ್ತು ಒಂದು ಟೀ ಚಮಚ ಉಪ್ಪು ಬೇಕು. ಚಪಾತಿ ಹಿಟ್ಟನ್ನೂ ಬಳಸಬಹುದು. ಆದರೆ ಅದರ ತೌಡು ಅಂಟಿನ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುವುದರಿಂದ ಶಾವಿಗೆ ಬೇಗ ತುಂಡಾಗುತ್ತದೆ. ಮೊಟ್ಟೆಗಳನ್ನು ಒಂದೊಂದಾಗಿ ಬೇರೆ ಬಟ್ಟಲಿಗೆ ಒಡೆದು ನೋಡಿ ನಂತರ ಸೇರಿಸಬೇಕು. ನೀರಿನಲ್ಲಿ ತೇಲುವ ಮೊಟ್ಟೆ ಹಳೆಯದು. ಮೊಟ್ಟೆ ತಂದ ದಿನವೇ ತೊಳೆದಿಡಬಾರದು. ಚಿಪ್ಪಿನ ಮೇಲಿನ ರಕ್ಷಕ ಪೊರೆ ಹೋಗುತ್ತದೆ. ಕೊಳೆಯಿದ್ದರೆ ಬಳಸುವ ಮುಂಚೆ ತೊಳೆದರೆ ಸಾಕು.

ಮೊಟ್ಟೆ, ಉಪ್ಪು ಸೇರಿಸಿ ಹಿಟ್ಟನ್ನು ಪೂರಿಯ ಹಿಟ್ಟಿನಷ್ಟು ಗಟ್ಟಿಯಾಗಿ ಹತ್ತು ನಿಮಿಷ ನಾದಬೇಕು. ತೀರ ಒಣಗಿದ್ದರೆ ಮಾತ್ರ ಒಂದೆರಡು ಚಮಚ ನೀರು ಚಿಮುಕಿಸಬಹುದು. ನಂತರ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಈ ಅರ್ಧ ಗಂಟೆಯಲ್ಲಿ ರವೆ ನೀರು ಕುಡಿಯುತ್ತದೆ, ನಾದಿದ ಅಂಟು ಸಡಿಲಗೊಳ್ಳುತ್ತದೆ. ಅವಸರಪಟ್ಟವರ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಮುದುಡಿಕೊಳ್ಳುತ್ತದೆ. ಬಳಿಕ ತೆಳ್ಳಗೆ ಲಟ್ಟಿಸಿ, ಮೇಲೆ ಹಿಟ್ಟು ಉದುರಿಸಿ, ಚಾಪೆಯಂತೆ ಸುರುಳಿ ಸುತ್ತಿ ಚಾಕುವಿನಿಂದ ಕಿರುಬೆರಳಿನ ಅರ್ಧದಷ್ಟು ಅಗಲಕ್ಕೆ ಕತ್ತರಿಸಿ ಬಿಡಿಸಿಕೊಳ್ಳಬೇಕು. ಕೈಯಂತ್ರ ಇದ್ದವರು ಅದರಲ್ಲಿಯೇ ತಿರುವಬಹುದು.

ಸ್ವೇಬಿಯಾದವರು ಲಟ್ಟಿಸುವ ಗೋಜಿಗೆ ಹೋಗುವುದಿಲ್ಲ. ಅಷ್ಟೇ ಹಿಟ್ಟು ಮೊಟ್ಟೆಗೆ ಮುಕ್ಕಾಲು ಲೋಟದಷ್ಟು ನೀರು ಅಥವಾ ಹಾಲು ಸೇರಿಸಿ, ಬೋಂಡದ ಹಿಟ್ಟಿಗಿಂತ ಗಟ್ಟಿಯಾಗಿ, ಗುಳ್ಳೆ ಬರುವವರೆಗೆ ಬಡಿಯುತ್ತಾರೆ. ಅದನ್ನು ಹಲಗೆಯ ಮೇಲೆ ಹರಡಿ ಚಾಕುವಿನಿಂದ ಕುದಿಯುವ ನೀರಿಗೆ ಕೆರೆದು ಬೀಳಿಸುತ್ತಾರೆ ಅಥವಾ ಒತ್ತುವ ಉಪಕರಣದಲ್ಲಿ ಒತ್ತುತ್ತಾರೆ. ನಮ್ಮ ಮನೆಯ ಬೂಂದಿ ಜಾರ ಇದಕ್ಕೆ ಸರಿಯಾಗಿ ಒದಗುತ್ತದೆ. ಕುದಿಯುವ ನೀರಿನ ಮೇಲೆ ಜಾರ ಹಿಡಿದು ಸೌಟಿನಿಂದ ಹಿಟ್ಟನ್ನು ತಿಕ್ಕಿದರೆ ಗಿಡ್ಡ ಗಿಡ್ಡ ಎಳೆಗಳು ಬೀಳುತ್ತವೆ. ಹೊಸದಾಗಿ ಕಲಿಯುವವರಿಗೆ ಈ ವಿಧಾನವೇ ಸುಲಭ.

ನೀರು ಧಾರಾಳವಾಗಿರಬೇಕು, 400 ಗ್ರಾಂ ಹಿಟ್ಟಿಗೆ ನಾಲ್ಕು ಲೀಟರ್, ಉಪ್ಪು ಸಹಿತ. ನೀರು ಕಡಿಮೆಯಾದರೆ ಶಾವಿಗೆ ಬಿದ್ದೊಡನೆ ಕುದಿ ನಿಂತು ಎಳೆಗಳು ಒಂದಕ್ಕೊಂದು ಅಂಟುತ್ತವೆ. ಜಾರದಿಂದ ಬಿದ್ದವು ಮೇಲೆ ತೇಲಿದ ಮೇಲೆ ಇನ್ನೊಂದು ನಿಮಿಷ, ಕತ್ತರಿಸಿದವು ಮೂರರಿಂದ ನಾಲ್ಕು ನಿಮಿಷ ಬೆಂದರೆ ಸಾಕು. ಬಸಿದು ಒಂದು ಚಮಚ ಬೆಣ್ಣೆ ಸವರಬೇಕು.

ಮಾಳಿಗೆಯ ಮೇಲೆ ಒಣಹಾಕಬಾರದು

ನೀರಿನಲ್ಲಿ ಕಲಸಿದ ಶಾವಿಗೆ ಬಿಸಿಲಿನಲ್ಲಿ ಕೆಡದಿರಲು ಕಾರಣವಿದೆ. ಎಳೆ ಸಣ್ಣದು, ಬಿಸಿಲು ಕಡಿದು, ಗಾಳಿ ಒಣಗಿದ್ದು. ಸೂಕ್ಷ್ಮಜೀವಿಗಳು ಬೆಳೆಯುವ ಮುನ್ನ ತೇವ ಹೋಗಿಬಿಡುತ್ತದೆ. ಹಿಟ್ಟಿನಲ್ಲಿ ಅವುಗಳಿಗೆ ಮೆಚ್ಚಿನ ಆಹಾರವೂ ಕಡಿಮೆ. ಹಸಿ ಮೊಟ್ಟೆ ಬೆರೆತಾಗ ಸ್ಥಿತಿ ಬೇರೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವ ಸಂಭವವುಂಟು. 5ರಿಂದ 60 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇಂತಹ ಜೀವಿಗಳು ಬೆಳೆಯುತ್ತವೆ. ಅನುಕೂಲ ಒದಗಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಮಾಳಿಗೆಯ ಬಿಸಿಲು ಅವನ್ನು ಕೊಲ್ಲುವಷ್ಟು ಬಿಸಿಯಲ್ಲ, ಬೆಳೆಸುವಷ್ಟು ಹದವಾಗಿದೆ. ನೊಣದ ಕಾಟ ಬೇರೆ. ಒಣಗಿದ ಮೇಲೂ ಸಾಲ್ಮೊನೆಲ್ಲಾ ಬಹುಕಾಲ ಜೀವ ಹಿಡಿದಿರುತ್ತದೆ.

ಪೇಟೆಯಲ್ಲಿ ಒಣ ಮೊಟ್ಟೆ ಶಾವಿಗೆಯ ಪೊಟ್ಟಣಗಳು ಸಿಗುತ್ತವಲ್ಲ ಎಂದು ಕೇಳಬಹುದು. ಕಾರ್ಖಾನೆಗಳಲ್ಲಿ ಬಿಸಿಮಾಡಿ ರೋಗಾಣುರಹಿತಗೊಳಿಸಿದ ಮೊಟ್ಟೆ ಬಳಸಿ, ಉಷ್ಣತೆ ಮತ್ತು ತೇವವನ್ನು ಹತೋಟಿಯಲ್ಲಿಟ್ಟ ಕೋಣೆಗಳಲ್ಲಿ ಒಣಗಿಸುತ್ತಾರೆ. ಮನೆಯಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಮನೆಯ ಮೊಟ್ಟೆ ಶಾವಿಗೆಯನ್ನು ಕಲಸಿದ ಎರಡು ಗಂಟೆಯೊಳಗೆ ಬೇಯಿಸಿಬಿಡಬೇಕು. ಬೇಸಿಗೆಯಲ್ಲಿ ಒಂದು ಗಂಟೆ ಮೀರಬಾರದು. ಡಬ್ಬಿ ತುಂಬಿಡಲು ನಮ್ಮ ನೀರಿನ ಶಾವಿಗೆಯೇ ಸರಿ. ಗ್ರಾಮಸೇವಿಕೆಯರೂ ಸ್ತ್ರೀಶಕ್ತಿ ಸಂಘದವರೂ ಮಾರಾಟಕ್ಕೆಂದು ಹೊಸ ಬಗೆಯ ಶಾವಿಗೆ ಯೋಚಿಸುವಾಗ ಇದನ್ನು ನೆನಪಿಡಬೇಕು.

ಕೈಮಾ ಉಂಡೆ

ಮಾಂಸದ ಇಡೀ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ. ಆದುದರಿಂದ ಕೈಮಾವನ್ನು ಬೆಳಿಗ್ಗೆ ಎದುರಿಗೇ ಮಾಡಿಸಿ ತಂದು, ಅಂದೇ ಬೇಯಿಸಬೇಕು. ಜರ್ಮನರು ಕರುವಿನ ಅಥವಾ ಹಂದಿಯ ಮಾಂಸ ಬಳಸುತ್ತಾರೆ. ನಮ್ಮಲ್ಲಿ ಕುರಿ, ಆಡು ಅಥವಾ ಕೋಳಿಯ ಕೈಮಾ ಆಗಬಹುದು. ಆಡಿನ ಮಾಂಸದಲ್ಲಿ ಕೊಬ್ಬು ಕಡಿಮೆ. ಉಂಡೆ ಒಣಗದಂತೆ ಒಂದು ಚಮಚ ಬೆಣ್ಣೆ ಸೇರಿಸಬೇಕು.

ಅರ್ಧ ಕಿಲೋ ಕೈಮಾಕ್ಕೆ ಎರಡು ತುಂಡು ಬ್ರೆಡ್ಡನ್ನು ನಾಲ್ಕೈದು ದೊಡ್ಡ ಚಮಚ ಹಾಲಿನಲ್ಲಿ ನೆನೆಹಾಕಿ ಹಿಸುಕಿಕೊಳ್ಳಬೇಕು. ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ ಆರಿಸಬೇಕು. ಇವೆರಡರೊಡನೆ ಒಂದು ಮೊಟ್ಟೆ, ಒಂದು ಟೀ ಚಮಚ ಉಪ್ಪು, ಅರ್ಧ ಚಮಚ ಮೆಣಸಿನ ಪುಡಿ (ಕರಿಮೆಣಸು), ಚಿಟಿಕೆ ಜಾಜಿಕಾಯಿ ಪುಡಿ ಸೇರಿಸಬೇಕು. ನಮ್ಮ ಕೈಮಾ ಉಂಡೆಗೆ ಹುರಿಗಡಲೆ ಪುಡಿ ಹಾಕುವ ಉದ್ದೇಶವೂ ಬ್ರೆಡ್ಡಿನದೇ. ಮಾಂಸದ ಸಸಾರಜನಕವು ಬಿಸಿಗೆ ಕುಗ್ಗಿ ನೀರನ್ನು ಹೊರಹಾಕುತ್ತದೆ. ಆ ನೀರನ್ನು ಪಿಷ್ಟ ಹಿಡಿದುಕೊಂಡು ಉಂಡೆಯನ್ನು ಮೃದುವಾಗಿಡುತ್ತದೆ. ಬ್ರೆಡ್ಡಿಲ್ಲದಿದ್ದರೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿಯನ್ನು ಹಾಲಿನಲ್ಲಿ ಕಲಸಿ ಹಾಕಬಹುದು. ಜರ್ಮನ್ ರುಚಿ ಬಾರದು, ಆದರೆ ಉಂಡೆ ಕೆಡುವುದಿಲ್ಲ.

ಮಿಶ್ರಣ ಕೈಗೆ ಅಂಟುವವರೆಗೆ ಮಾತ್ರ ಕಲಸಬೇಕು. ಉಪ್ಪಿನಿಂದ ಕರಗಿ ಬರುವ ಸಸಾರಜನಕವೇ ಈ ಅಂಟು. ಚಪಾತಿ ಹಿಟ್ಟಿನಂತೆ ನಾದಿದರೆ ಉಂಡೆ ರಬ್ಬರಿನಂತಾಗುತ್ತದೆ. ಒದ್ದೆ ಕೈಯಿಂದ ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಸುಮಾರು 24 ಉಂಡೆಗಳಾಗುತ್ತವೆ.

ಒಂದೂವರೆ ಲೀಟರ್ ನೀರಿಗೆ ಒಂದು ಈರುಳ್ಳಿ, ಎರಡು ಲವಂಗ, ಒಂದು ಪಲಾವ್ ಎಲೆ, ಉಪ್ಪು ಹಾಕಿ ಕುದಿಸಿ, ಉರಿ ತಗ್ಗಿಸಿ ಉಂಡೆಗಳನ್ನು ಬಿಡಬೇಕು. ನೀರು ಕೊತಕೊತ ಕುದಿಯದೆ ಅಲ್ಲಲ್ಲಿ ಗುಳ್ಳೆ ಬರುತ್ತಿರಬೇಕು. 15 ನಿಮಿಷ ಬೇಯಿಸಿ, ದೊಡ್ಡ ಉಂಡೆಯೊಂದನ್ನು ಸೀಳಿ ನೋಡಬೇಕು. ನಡುವೆ ಕೆಂಪಿದ್ದರೆ ಇನ್ನೂ ಐದು ನಿಮಿಷ ಬೇಯಲಿ. ಅಡುಗೆ ಉಷ್ಣಮಾಪಕ ಇದ್ದವರು ಉಂಡೆಯ ನಡುವೆ ಕುರಿ, ಆಡಿನ ಕೈಮಾ ಆದರೆ 71, ಕೋಳಿಯದಾದರೆ 74 ಡಿಗ್ರಿ ಸೆಂಟಿಗ್ರೇಡ್ ಬಂದುದನ್ನು ಖಚಿತಪಡಿಸಿಕೊಳ್ಳಬಹುದು. ಹಸಿ ಕೈಮಾ ಮುಟ್ಟಿದ ಕೈ, ಮಣೆ, ಪಾತ್ರೆಗಳನ್ನು ಸೋಪಿನಿಂದ ತೊಳೆಯದೆ ಬೆಂದ ಶಾವಿಗೆಯನ್ನು ಮುಟ್ಟಬಾರದು.

ಬಿಳಿ ಸಾರು

ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ, ನಾಲ್ಕು ದೊಡ್ಡ ಚಮಚ ಮೈದಾ ಹಾಕಿ ಬಣ್ಣ ಬದಲಾಗದಂತೆ ಹುರಿಯಬೇಕು. ಉಂಡೆ ಬೆಂದ ನೀರನ್ನು ಸೋಸಿ ಅರ್ಧ ಲೀಟರಿನಷ್ಟು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಗಂಟಿಲ್ಲದಂತೆ ತಿರುವಿ ಐದು ನಿಮಿಷ ಕುದಿಸಬೇಕು. ಎರಡು ಚಮಚ ಕೆನೆ ಹಾಕಿ ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಹಿಂಡಬೇಕು; ಒಲೆಯ ಮೇಲೆಯೇ ಹಿಂಡಿದರೆ ಕೆನೆ ಒಡೆಯುತ್ತದೆ. ಜರ್ಮನರು ಇದಕ್ಕೆ ಕೇಪರ್ ಎಂಬ ಗಿಡದ ಮೊಗ್ಗಿನ ಉಪ್ಪಿನಕಾಯಿ ಹಾಕುತ್ತಾರೆ. ನಮ್ಮಲ್ಲಿ ಮಲೆನಾಡಿನವರು ಉಪ್ಪು ನಿಂಬೆರಸದಲ್ಲಿಡುವ ಹಸಿ ಕಾಳುಮೆಣಸು ಅದರ ಸ್ಥಾನ ತುಂಬಬಲ್ಲದು. ಉಂಡೆಗಳನ್ನು ಸಾರಿಗೆ ಹಾಕಿ ಬಿಸಿ ಶಾವಿಗೆಯ ಮೇಲೆ ಬಡಿಸಬೇಕು. ಖಾರ ಬೇಕೆನ್ನುವವರಿಗೆ ಬದಿಯಲ್ಲಿ ಕೆಂಪು ಚಟ್ನಿ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಿಟ್ಟು, ಐದು ಮೊಟ್ಟೆ ಮತ್ತು ಅರ್ಧ ಕಿಲೋ ಕೈಮಾದಿಂದ ಸುಮಾರು 170 ಗ್ರಾಂ ಸಸಾರಜನಕ ದೊರೆಯುತ್ತದೆ. ಆರು ಜನರಲ್ಲಿ ಒಬ್ಬೊಬ್ಬರಿಗೆ 28 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ 54 ಗ್ರಾಂ, ಹೆಂಗಸಿಗೆ 46 ಗ್ರಾಂ ಬೇಕು. ಬಡಿಸುವಾಗ ಮನೆಯ ಹೆಂಗಸರ ಪಾಲಿಗೆ ಬರೀ ಸಾರು ಉಳಿಯದಂತೆ ಉಂಡೆಗಳನ್ನು ಎಣಿಸಿ ಹಂಚುವುದು ಒಳಿತು.

ಮಾಂಸ, ಮೊಟ್ಟೆ ತಿನ್ನದವರು ಬನ್ಸಿ ರವೆಯ ನೀರಿನ ಶಾವಿಗೆಯನ್ನು ತರಕಾರಿ ಬೆಂದ ನೀರಿನಿಂದ ಮಾಡಿದ ಇದೇ ಬಿಳಿ ಸಾರಿನೊಂದಿಗೆ ಉಣ್ಣಬಹುದು. ಉಳಿದ ಉಂಡೆ, ಸಾರನ್ನು ಎರಡು ಗಂಟೆಯೊಳಗೆ ಶೀತಪೆಟ್ಟಿಗೆಯಲ್ಲಿಟ್ಟು ಮರುದಿನ ಚೆನ್ನಾಗಿ ಕುದಿಸಿಯೇ ಬಳಸಬೇಕು. ಶೀತಪೆಟ್ಟಿಗೆ ಇಲ್ಲದ ಮನೆಯಲ್ಲಿ ಅಂದಂದಿಗೆ ಆಗುವಷ್ಟೇ ಮಾಡಬೇಕು. ಹೀಗೆಯೇ ತಣ್ಣಗಿಟ್ಟ ಶಾವಿಗೆಯನ್ನು ಮರುದಿನ ಈರುಳ್ಳಿಯೊಡನೆ ಬೆಣ್ಣೆಯಲ್ಲಿ ಕೆಂಪಗೆ ಹುರಿದರೆ ಬೆಳಗಿನ ತಿಂಡಿಯಾಗುತ್ತದೆ.